ಗುಡ್ಡದ ಮೇಲಿನ ನಗಾರಿ

“ಗುರುಗಳೇ, ಹೊಳೆಗೆ ನೆರೆ ಬರುವುದು ಅರಸನ ಕೈಯಲ್ಲಿಲ್ಲ. ನೆರೆ ಇಳಿದ ಮೇಲೆ ಜನಕ್ಕೆ ಅನ್ನ, ಬಟ್ಟೆ, ಸೂರು ಕೊಟ್ಟರೆ ಅವನ ಹೊಣೆ ತೀರಿದಂತೆ ಅಲ್ಲವೇ?” ಎಂದು ಶಿಷ್ಯ ಕೇಳಿದ. ಅವನು ಮರುದಿನ ಅರಮನೆಯ ಊಳಿಗಕ್ಕೆ ಸೇರುವವನಿದ್ದ.

ಗುರು ಹೇಳಿದರು:

ಒಂದು ಹೊಳೆಯ ದಂಡೆಯಲ್ಲಿ ಕುಂಬಾರರ ಕೇರಿ ಇತ್ತು. ಹೊಳೆ ಹುಟ್ಟುತ್ತಿದ್ದದ್ದು ದೂರದ ಘಟ್ಟದಲ್ಲಿ. ಅಲ್ಲಿ ಮಳೆ ಸುರಿದರೆ, ಇಲ್ಲಿ ಬಿಸಿಲಿದ್ದಾಗಲೂ ನೀರು ಏರುತ್ತಿತ್ತು. ಅದಕ್ಕೆಂದೇ ಆ ನಾಡಿನ ಅರಸ ಗುಡ್ಡದ ಮೇಲೆ ಒಂದು ನಗಾರಿ ಇಡಿಸಿ, ಹೊಳೆಯನ್ನು ನೋಡುತ್ತಿರಲು ಒಬ್ಬ ಕಾವಲುಗಾರನನ್ನು ನೇಮಿಸಿದ್ದ. ಘಟ್ಟದ ಮಣ್ಣು ಬೆರೆತು ನೀರು ಕೆಂಪಾದರೆ ಅವನು ನಗಾರಿ ಬಾರಿಸಬೇಕು. ಜನ ಗುಡ್ಡ ಹತ್ತಬೇಕು.

ಆ ಅರಸ ತೀರಿಕೊಂಡ. ಮಗ ಪಟ್ಟಕ್ಕೆ ಬಂದ. ಹನ್ನೆರಡು ವರ್ಷದಿಂದ ನೆರೆ ಬಂದಿರಲಿಲ್ಲ. ಹೊಸ ಅರಸ ಕಾವಲುಗಾರನನ್ನು ಕರೆಸಿದ.

“ಹನ್ನೆರಡು ವರ್ಷದಿಂದ ನೀನು ನಗಾರಿ ಬಾರಿಸಿಲ್ಲ. ಅಲ್ಲಿ ನಿನಗೇನು ಕೆಲಸ?”

“ಬಾರಿಸದೆ ಇದ್ದದ್ದು ನಮ್ಮ ಪುಣ್ಯ, ಪ್ರಭು. ನೋಡುತ್ತಿರುವುದು ನನ್ನ ಕೆಲಸ.”

ಅರಸನಿಗೆ ಆ ಮಾತು ಹಿಡಿಸಲಿಲ್ಲ. ನಗಾರಿ ಅರಮನೆಗೆ ಬಂತು. ಅರಸನ ಸವಾರಿ ಹೊರಟಾಗ ಬಾರಿಸಲು ಅದನ್ನು ಆನೆಯ ಮೇಲೆ ಕಟ್ಟಿದರು. ಕಾವಲುಗಾರ ಲಾಯದಲ್ಲಿ ಕುದುರೆಗಳಿಗೆ ಹುಲ್ಲು ಹಾಕುವವನಾದ.

ಕುಂಬಾರರ ಕೇರಿಯಲ್ಲಿ ನಿಂಬೆವ್ವ ಎಂಬ ಹೆಂಗಸಿದ್ದಳು. ಗಂಡ ಸಂಕಣ್ಣ. ಏಳು ವರ್ಷದ ಮಗಳು ಚೆನ್ನಿ. ಶ್ರಾವಣದ ಒಂದು ಸೋಮವಾರ ನಿಂಬೆವ್ವ ಗಡಿಗೆ ಹೊತ್ತು ಮೇಲಿನ ಊರಿನ ಸಂತೆಗೆ ಹೋದಳು. ಸಂಕಣ್ಣ ಹೊಳೆಯಂಚಿನ ಗುಂಡಿಯಲ್ಲಿ ಮಣ್ಣು ಅಗೆಯುತ್ತಿದ್ದ. ಮಗಳು ಪಕ್ಕದಲ್ಲಿ ಕುಳಿತು ಹಣತೆ ಮಾಡುತ್ತಿದ್ದಳು. ಆಕಾಶದಲ್ಲಿ ಮೋಡವಿರಲಿಲ್ಲ. ನೀರು ಬಂತು. ಗುಂಡಿಯಿಂದ ಗುಡ್ಡದ ಬುಡಕ್ಕೆ ಇನ್ನೂರು ಹೆಜ್ಜೆ. ಅಷ್ಟು ಹೊತ್ತು ಅವರಿಗೆ ಸಿಗಲಿಲ್ಲ.

ನಾಲ್ಕನೆಯ ದಿನ ಅರಸ ಕೇರಿಗೆ ಬಂದ. ಮುಂದೆ ಆನೆ, ಆನೆಯ ಮೇಲೆ ನಗಾರಿ. ಆ ಸದ್ದು ಕಿವಿಗೆ ಬಿದ್ದೊಡನೆ ನಿಂಬೆವ್ವ ಕುಸಿದ ಗೋಡೆಯ ಬದಿಯಿಂದ ಎದ್ದು ಹೊಳೆಯ ಕಡೆಗೆ ಓಡಿದಳು.

“ನಗಾರಿ ಬಾರಿಸ್ಯಾರ! ಚೆನ್ನೀನ್ನ ಎತ್ತಿಕೊಂಡು ಓಡಿ ಬರ್ರೀ!” ಎಂದು ಕೂಗಿದಳು. ಜನ ಅವಳನ್ನು ಹಿಡಿದು ತಂದರು.

ಅರಸ ಕುದುರೆಯಿಂದ ಇಳಿದ. “ತಾಯಿ, ಮನೆ ಕಟ್ಟಿಸಿಕೊಡುತ್ತೇನೆ. ಇನ್ನೇನು ಬೇಕು, ಕೇಳು.”

“ಈ ಸದ್ದು ಬೇಕಿತ್ತು, ದೊರೆ. ಸೋಮವಾರ ಬೇಕಿತ್ತು.”

ಅರಸ ಕೆಟ್ಟವನಲ್ಲ. ಅಂದೇ ನಗಾರಿಯನ್ನು ಗುಡ್ಡಕ್ಕೆ ಕಳಿಸಿದ. ಲಾಯಕ್ಕೆ ತಾನೇ ಹೋಗಿ, ಮುದಿ ಕಾವಲುಗಾರನ ಕೈ ಹಿಡಿದು ಕರೆದೊಯ್ದ. ಮುದುಕ, ಹೆಣ್ಣು, ಬಸುರಿ ಎಲ್ಲರೂ ಹತ್ತುವಂತೆ ಗುಡ್ಡಕ್ಕೆ ಮೆಟ್ಟಿಲು ಕಡಿಸಿದ. ಮಳೆಗಾಲದಲ್ಲಿ ತಾನೂ ಅಲ್ಲಿಯೇ ಬೀಡು ಬಿಡತೊಡಗಿದ. ಮುಂದೆ ಎರಡು ಸಲ ನೆರೆ ಬಂತು. ಎರಡು ಸಲವೂ ನಗಾರಿ ಮೊಳಗಿತು. ಒಂದು ಜೀವವೂ ಹೋಗಲಿಲ್ಲ.

ಎರಡನೆಯ ಸಲ ಕೇರಿಯವರೆಲ್ಲ ಹತ್ತಿ ಬಂದು ಕುಳಿತ ಮೇಲೂ ನಿಂಬೆವ್ವ ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗೆ ನೋಡುತ್ತಲೇ ಇದ್ದಳು. ಅರಸ ಹತ್ತಿರ ಹೋದ.

“ಎಲ್ಲರೂ ಬಂದರು ತಾಯಿ. ಕುಳಿತುಕೋ.”

“ಇನ್ನೂ ಇಬ್ಬರು ಬರಬೇಕು,” ಎಂದಳು.

ಅರಸ ಅವಳ ಪಕ್ಕದಲ್ಲಿ ನಿಂತು ತಾನೂ ಕೆಳಗೆ ನೋಡಿದ. ನೀರು ಇಳಿಯುವವರೆಗೆ ಇಬ್ಬರೂ ಹಾಗೆಯೇ ನಿಂತಿದ್ದರು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಆ ಅರಸ ತಿದ್ದಿಕೊಂಡನಲ್ಲ, ಗುರುಗಳೇ. ಅವನಿಗೆ ಕ್ಷಮೆ ಸಿಕ್ಕಿತೇ?”

ಗುರು ಹೇಳಿದರು: “ಕ್ಷಮಿಸಬೇಕಾದವರನ್ನು ಹೊಳೆ ಕೊಂಡೊಯ್ದಿತ್ತು.”