ರಾಣಿಯ ಗಂಡನ ಅಪ್ಪಣೆ

ಕಡಲತೀರದ ಮಣಲಕೋಟೆ ಎಂಬ ಸಣ್ಣ ರಾಜ್ಯದಲ್ಲಿ ಪಟ್ಟ ಕಟ್ಟುತ್ತಿದ್ದುದು ಹೆಣ್ಣುಮಕ್ಕಳಿಗೆ. ಆಗ ಆಳುತ್ತಿದ್ದವಳು ಪದುಮಲಾದೇವಿ. ಅವಳ ಗಂಡ ಬೊಮ್ಮರಸ. ಅವನಿಗೆ ಕಿರೀಟವಿಲ್ಲ, ಮುದ್ರೆಯುಂಗುರವಿಲ್ಲ. ರಾಣಿ ಸಭೆಗೆ ಬಂದರೆ ಎಲ್ಲರಿಗಿಂತ ಮೊದಲು ಎದ್ದು ಕೈಮುಗಿಯಬೇಕಾದವನು ಅವನೇ. ಅದು ಅಲ್ಲಿಯ ಕಟ್ಟಳೆ. ಉಳಿದ ಹೊತ್ತಿನಲ್ಲಿ ದಡದ ದೋಣಿಗಳನ್ನು ನೋಡಿಕೊಳ್ಳುತ್ತಿದ್ದ.

"ಹೆಂಡತಿಗೆ ಕೈಮುಗಿಯುವ ಗಂಡಸು!" ಎಂದು ಪೇಟೆಯವರು ನಗುತ್ತಿದ್ದರು. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಬೊಮ್ಮರಸನಿಗೆ ನೋವಾಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೂ ಮರುದಿನ ಸಭೆಯಲ್ಲಿ ಮೊದಲು ಏಳುತ್ತಿದ್ದವನು ಅವನೇ.

ಒಂದು ದಿನ ಘಟ್ಟದ ಮೇಲಿನ ಅರಸ ವೀರಮಲ್ಲ ದೊಡ್ಡ ಸೈನ್ಯದೊಂದಿಗೆ ಇಳಿದು ಬಂದ. ದಡದಲ್ಲಿದ್ದ ಬೊಮ್ಮರಸ ಸೆರೆಸಿಕ್ಕ. ವೀರಮಲ್ಲನಿಗೆ ಹಿಗ್ಗೋ ಹಿಗ್ಗು. ರಾಣಿಯ ಗಂಡ ಎಂದರೆ ರಾಜನೇ ತಾನೆ? ರಾಜ ಸಿಕ್ಕಿದ ಮೇಲೆ ರಾಜ್ಯ ಸಿಕ್ಕಂತೆಯೇ!

"ಕೋಟೆಯ ಬಾಗಿಲು ತೆಗೆಸು. ನನಗೆ ಕಪ್ಪ ಕೊಟ್ಟುಕೊಂಡು ನೀನೇ ಪಟ್ಟದಲ್ಲಿ ಕೂರು. ಎಷ್ಟು ದಿನ ಹೆಂಗಸಿಗೆ ಕೈಮುಗೀತೀಯ? ಒಲ್ಲೆ ಅಂದರೆ ತಲೆ ಹೋಗುತ್ತೆ," ಎಂದ.

ಬೊಮ್ಮರಸ ಕಡಲಿನ ಕಡೆ ನೋಡಿದ. ಕೋಟೆ ಇದ್ದದ್ದು ನಡುಗಡ್ಡೆಯ ಮೇಲೆ. ಇಳಿತದ ಹೊತ್ತಿನಲ್ಲಿ ಮಾತ್ರ ನಡುವಿನ ಮರಳು ಮೇಲೆದ್ದು ದಾರಿಯಾಗುತ್ತಿತ್ತು. ಈಗ ದಾರಿ ತೆರೆದಿತ್ತು. ಆದರೆ ಅಂದು ಅಮಾವಾಸ್ಯೆ, ಉಬ್ಬರ ಜೋರಾಗಿಯೇ ಬರುತ್ತದೆ. ದೋಣಿ ನೋಡಿಕೊಳ್ಳುವವನಿಗೆ ಅದು ಗೊತ್ತು. ಘಟ್ಟದವನಿಗೆ ಏನು ಗೊತ್ತು?

"ಆಗಲಿ ಅರಸರೇ. ಆದರೆ ನಾಲ್ಕು ಜನ ಹೋದರೆ ಯಾರು ಹೆದರುತ್ತಾರೆ? ಸೈನ್ಯವೆಲ್ಲ ಬರಲಿ," ಎಂದ.

ಸೈನ್ಯವೆಲ್ಲ ಮರಳಿಗಿಳಿಯಿತು. ಕೋಟೆಯ ಮುಂದೆ ಬೊಮ್ಮರಸನ ಕುತ್ತಿಗೆಗೆ ಕತ್ತಿ ಇಟ್ಟರು. ಅವನು ಕೂಗಿದ: "ಬಾಗಿಲು ತೆಗೆಯಿರಿ! ಇದು ನನ್ನ ಅಪ್ಪಣೆ!"

ಮೇಲಿನಿಂದ ಕಾವಲಿನ ತ್ಯಾಂಪಣ್ಣ ಇಣುಕಿ ತಲೆ ಕೆರೆದುಕೊಂಡ. "ಧಣಿಗಳೇ, ಬೇಸರ ಮಾಡ್ಬೇಡಿ. ನಿಮ್ಮ ಅಪ್ಪಣೆಗೆ ಈ ಬಾಗಿಲು ತೆಗೀಲಿಕ್ಕಿಲ್ಲ. ಅಮ್ಮನವರದ್ದೇ ಆಗ್ಬೇಕು. ಕೇಳಿ ಬರ್ತೇನೆ, ನಿಲ್ಲಿ."

ಹೋದವನು ಎಷ್ಟೋ ಹೊತ್ತಿಗೆ ಬಂದ. "ಅಮ್ಮನವರು ಪೂಜೆಗೆ ಕೂತಿದ್ದಾರೆ." ಮತ್ತೆ ಹೋದ, ಮತ್ತೆ ಬಂದ. "ಈಗ ಊಟಕ್ಕೆ ಕೂತಿದ್ದಾರೆ."

ಪದುಮಲಾದೇವಿ ಪೂಜೆಗೂ ಕೂತಿರಲಿಲ್ಲ, ಊಟಕ್ಕೂ ಕೂತಿರಲಿಲ್ಲ. ಬುರುಜಿನ ಕಿಂಡಿಯಿಂದ ಗಂಡನ ಕುತ್ತಿಗೆಯ ಮೇಲಿನ ಕತ್ತಿಯನ್ನೇ ನೋಡುತ್ತ ನಿಂತಿದ್ದಳು. ತನ್ನ ಮಾತಿಗೆ ಈ ಬಾಗಿಲು ತೆರೆಯುವುದಿಲ್ಲ ಎಂದು ಚೆನ್ನಾಗಿ ಬಲ್ಲವನು ಸುಮ್ಮನೆ ಯಾಕೆ ಕೂಗಿದ? ಅವಳು ಕಡಲನ್ನು ನೋಡಿದಳು, ಅರ್ಥವಾಯಿತು. ಕಣ್ಣೊರೆಸಿಕೊಂಡು, ಹೊತ್ತು ಕಳೆಯಲು ತ್ಯಾಂಪಣ್ಣನಿಗೆ ನೆಪಗಳನ್ನು ಹೇಳಿಕೊಟ್ಟು, ಕೋಟೆಯ ಹಿಂಬದಿಯ ದೋಣಿಗಳನ್ನು ಸಜ್ಜುಮಾಡಿಸಿದಳು.

"ನೀನೆಂಥ ರಾಜನಯ್ಯ?" ಎಂದು ವೀರಮಲ್ಲ ಗುಡುಗಿದ.

"ನಾನು ರಾಜ ಅಂತ ಯಾರು ಹೇಳಿದರು? ನಾನು ರಾಣಿಯ ಗಂಡ," ಎಂದ ಬೊಮ್ಮರಸ.

ಅಷ್ಟರಲ್ಲಿ ಉಬ್ಬರ ಏರಿ ಹಿಂದಿನ ಮರಳದಾರಿ ಮುಳುಗಿತ್ತು. ನೀರು ಸೈನಿಕರ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಕುದುರೆಗಳು ಬೆದರಿದವು. ಕುತ್ತಿಗೆಗೆ ಕತ್ತಿ ಹಿಡಿದಿದ್ದವನೇ ಅದನ್ನು ಬಿಸಾಡಿ ಬೊಮ್ಮರಸನನ್ನು ತಬ್ಬಿಕೊಂಡ. ಪಾಪ, ಈಜು ಬಾರದು! ಆಗ ಸುತ್ತಲೂ ರಾಣಿಯ ದೋಣಿಗಳು ನುಗ್ಗಿ ಬಂದವು. ಆಯುಧ ಬಿಟ್ಟವರನ್ನೆಲ್ಲ ಹತ್ತಿಸಿಕೊಂಡವು. ಒಂದು ಹನಿ ರಕ್ತ ಚೆಲ್ಲದೆ ಯುದ್ಧ ಮುಗಿಯಿತು.

ಒದ್ದೆಮುದ್ದೆಯಾದ ವೀರಮಲ್ಲ ತನ್ನ ಖಡ್ಗವನ್ನು ಬೊಮ್ಮರಸನ ಮುಂದೆ ಚಾಚಿದ.

"ನನಗಲ್ಲ, ಅವರಿಗೆ," ಎಂದು ಬೊಮ್ಮರಸ ರಾಣಿಯ ದೋಣಿಯನ್ನು ತೋರಿಸಿದ.

ಮರುದಿನ ಸಭೆ ಕಿಕ್ಕಿರಿದಿತ್ತು. ದಡದ ದೋಣಿಗಳನ್ನೆಲ್ಲ ಕಟ್ಟಿಸಿ ಬೊಮ್ಮರಸ ಬರುವಾಗ ತಡವಾಗಿತ್ತು. ರಾಣಿ ಆಗಲೇ ಸಿಂಹಾಸನದಲ್ಲಿದ್ದಳು. ಅವನು ಅವಸರದಿಂದ ಕೈಯೆತ್ತುವ ಮೊದಲೇ ಪದುಮಲಾದೇವಿ ಎದ್ದು ನಿಂತಳು. ಎಲ್ಲರಿಗಿಂತ ಮೊದಲು ಅವಳೇ ಕೈಮುಗಿದಳು. ನಗುತ್ತಿದ್ದ ಪೇಟೆಯವರೂ ಎದ್ದರು. ಜಯಕಾರ ಕಡಲಿನವರೆಗೆ ಕೇಳಿಸಿತು.

ನೀತಿ: ಸಿಂಹಾಸನದಲ್ಲಿ ಕೂತವರಂತೆಯೇ ಅದರ ಪಕ್ಕದಲ್ಲಿ ನಿಂತವರೂ ನಾಡನ್ನು ಕಾಯುತ್ತಾರೆ. ತನ್ನದಲ್ಲದ ಪಟ್ಟಕ್ಕೆ ಆಸೆಪಡದವನ ಮುಂದೆ ಪಟ್ಟದಲ್ಲಿರುವವರೂ ಎದ್ದು ನಿಲ್ಲುತ್ತಾರೆ.