ತಿರುವಿನಲ್ಲಿ ತೋಡದ ಸುರಂಗ

ಒಂದು ಕಾಡನ್ನು ಸೀಳಿಕೊಂಡು ಟಾರು ರಸ್ತೆ ಹೋಗಿತ್ತು. ಪ್ರಾಣಿಗಳ ಬಿಲ, ಗವಿಗಳೆಲ್ಲ ರಸ್ತೆಯ ಈಚೆ. ಕುಡಿಯುವ ಹೊಳೆ ಆಚೆ. ಹೊಳೆಯ ದಂಡೆ ಉದ್ದಕ್ಕೂ ಕಡಿದಾಗಿತ್ತು. ಸಣ್ಣ ಪ್ರಾಣಿಗಳು ನೀರಿಗೆ ಇಳಿಯಲು ಆಗುತ್ತಿದ್ದದ್ದು ಬಂಡೆಯ ಪಕ್ಕದ ತಿರುವಿನಲ್ಲಿ ಮಾತ್ರ. ಅಲ್ಲಿ ಲಾರಿ ಮೈಮೇಲೆ ಬರುವವರೆಗೂ ಕಾಣುತ್ತಿರಲಿಲ್ಲ. ಗಿರಿಯವ್ವ ಎಂಬ ಮುಳ್ಳುಹಂದಿಯ ಗಂಡ ಸತ್ತದ್ದು ಅಲ್ಲೇ. ಎಷ್ಟೋ ಮೊಲಗಳು, ಮುಂಗುಸಿಗಳು ಸತ್ತದ್ದೂ ಅಲ್ಲೇ.

ಕೊನೆಗೆ ಎಲ್ಲರೂ ಹೊಟ್ಟೆ ಕಟ್ಟಿ ಗೆಡ್ಡೆಗೆಣಸು ಕೂಡಿಟ್ಟರು. ಅದನ್ನು ಕೂಲಿಯಾಗಿ ಕೊಟ್ಟರೆ ರಸ್ತೆಯ ಕೆಳಗೆ ಸುರಂಗ ತೋಡಲು ಹೆಗ್ಗಣಗಳು ಒಪ್ಪಿದವು. ಆದರೆ ಕೂಡಿದ್ದು ಒಂದೇ ಸುರಂಗಕ್ಕಾಗುವಷ್ಟು. ಕಾಡಿನ ಹಿರಿಯ ಆನೆರಾಯ ಸಭೆ ಕರೆದ.

“ತಿರುವಿನಲ್ಲೇ ತೋಡಿಸಿ ಒಡೆಯಾ. ನಾವು ಸಾಯುತ್ತಿರುವುದು ಅಲ್ಲಿ,” ಎಂದಳು ಗಿರಿಯವ್ವ.

ಕೆಂಚ ಎಂಬ ನರಿಯ ಗವಿ ಇದ್ದದ್ದು ದೂರದ ನೆಟ್ಟನೆಯ ರಸ್ತೆಯ ಬದಿಯಲ್ಲಿ. ಅದರೆದುರಿಗೆ, ರಸ್ತೆಯಾಚೆ, ಊರಿನ ಕೋಳಿಗೂಡುಗಳು. ಅವನು ಬಾಲ ಮಡಚಿಕೊಂಡು ಮುಂದೆ ಬಂದ.

“ಆ ಮೂಲೆಯಲ್ಲಿ ತೋಡಿದರೆ ಯಾರ ಕಣ್ಣಿಗೆ ಬೀಳುತ್ತೆ ಮಹಾರಾಜ? ನೆಟ್ಟನೆಯ ರಸ್ತೆಯಲ್ಲಿ ಮಾಡಿಸಿ. ತೋರಣ ಕಟ್ಟಿ, ಆನೆರಾಯರ ಸುರಂಗ ಅಂತ ಹೆಸರಿಡೋಣ. ತಿರುವಿನದು ಆಮೇಲೆ ನೋಡಿದರಾಯಿತು.”

“ಆಮೇಲೆ ಅಂದರೆ ಯಾವಾಗಪ್ಪಾ?” ಎಂದಳು ಗಿರಿಯವ್ವ. ಆನೆರಾಯ ಹಿಗ್ಗಿ ಕಿವಿ ಬೀಸುತ್ತಿದ್ದ. ಅವಳ ಮಾತು ಅವನಿಗೆ ಕೇಳಿಸಲೇ ಇಲ್ಲ.

ಸುರಂಗ ಕೆಂಚನ ಗವಿಯ ಮುಂದೆಯೇ ಆಯಿತು. ಅದರ ಆಚೆ ಬಾಯಿ ಊರಿನ ನಾಯಿಗಳು ತಿರುಗುವ ಜಾಗ, ಹಾಗಾಗಿ ಸಣ್ಣ ಪ್ರಾಣಿಗಳು ನೀರಿಗೆ ತಿರುವಿನಲ್ಲೇ ದಾಟಬೇಕಾಯಿತು. ತೋರಣ ಒಣಗುವ ಮೊದಲೇ ಗಿರಿಯವ್ವನ ಹಿರಿಮಗಳು ತಿರುವಿನಲ್ಲಿ ಲಾರಿಗೆ ಸಿಕ್ಕಿ ಸತ್ತಳು. ಟಾರಿನ ಮೇಲೆ ಚೆದುರಿದ್ದ ಎಳೆಯ ಮುಳ್ಳುಗಳನ್ನು ತಾಯಿ ಬಾಯಿಂದ ಒಂದೊಂದಾಗಿ ಆರಿಸಿದಳು. ಕೆಂಚ ಮಾತ್ರ ದಿನವೂ ಸುರಂಗದಲ್ಲಿ ನುಸುಳಿ ಹೋಗಿ ಕೋಳಿ ತಿಂದು ಬರುತ್ತಿದ್ದ.

ಒಂದು ಬೆಳಗ್ಗೆ ಊರಿನ ನಾಯಿಗಳಿಗೆ ಅವನ ಜಾಡು ಸಿಕ್ಕಿತು. ಎರಡು ನಾಯಿಗಳು ಸುರಂಗದ ಬಾಯಲ್ಲೇ ಕಾದು ನಿಂತವು. ಉಳಿದವು ಬೆನ್ನಟ್ಟಿದವು. ಕೆಂಚ ದಿಕ್ಕೆಟ್ಟು ಹೊಳೆದಂಡೆಗುಂಟ ಓಡಿ, ತಿರುವಿನಲ್ಲಿ ರಸ್ತೆಗೆ ಹಾರಿದ. ಲಾರಿ ಬಂದದ್ದು ಅವನಿಗೂ ಕಾಣಲಿಲ್ಲ.

ಹೆಣದ ಹತ್ತಿರ ಎಲ್ಲರೂ ಸೇರಿದರು. ಗಿರಿಯವ್ವನಿಗೆ ಸಂತೋಷವೇನೂ ಆಗಲಿಲ್ಲ.

“ಈಗಲಾದರೂ ಇಲ್ಲಿ ತೋಡಿಸೋಣ,” ಎಂದ ಆನೆರಾಯ, ತಲೆ ತಗ್ಗಿಸಿ. ಹೆಗ್ಗಣಗಳು ಕೂಲಿ ಕೇಳಿದವು. ಗೆಡ್ಡೆಗೆಣಸೆಲ್ಲ ಖಾಲಿಯಾಗಿತ್ತು.

“ಮುಂದಿನ ವರ್ಷ ಮತ್ತೆ ಕೂಡಿಸೋಣ ತಾಯಿ,” ಎಂದ ಆನೆರಾಯ.

“ಅಲ್ಲಿಯವರೆಗೆ ನೀರು ಕುಡಿಯದೆ ಇರೋಕಾಗುತ್ತಾ ಒಡೆಯಾ?” ಎಂದಳು ಗಿರಿಯವ್ವ.

ಅವಳಿಗೆ ಉಳಿದಿದ್ದ ಒಂದೇ ಮರಿ ಬಾಯಾರಿ ಅಳುತ್ತಿತ್ತು. ಗಿರಿಯವ್ವ ಅದನ್ನು ಮೈಗೆ ಒತ್ತಿಕೊಂಡು ರಸ್ತೆಯಂಚಿಗೆ ಬಂದಳು. ಬಹಳ ಹೊತ್ತು ಕಿವಿಗೊಟ್ಟು ನಿಂತಳು. ಆಮೇಲೆ ಟಾರಿನ ಮೇಲೆ ಕಾಲಿಟ್ಟಳು.

ನೀತಿ: ಎಲ್ಲರ ಗಂಟು ಚಿಕ್ಕದಿದ್ದಾಗ ಅದನ್ನು ಮೊದಲು ಜೀವ ಹೋಗುತ್ತಿರುವ ಜಾಗಕ್ಕೆ ಖರ್ಚು ಮಾಡಬೇಕು, ಹೊಗಳಿಕೆಗೆ ಸೋತು ಸುರಿದದ್ದೂ ಮರಳುವುದಿಲ್ಲ, ಹೋದ ಜೀವವೂ ಮರಳುವುದಿಲ್ಲ.