ಏಳು ಕುದುರೆಯ ಗರಿ

"ಕಂಡದ್ದು ಕಂಡ ಹಾಗೆ ಬರೆದಿದ್ದೇನೆ. ನಾಳೆ ಚಾವಡಿಯಲ್ಲಿ ಓದುತ್ತೇನೆ. ತಡೆಯುವವರು ಯಾರಿದ್ದಾರೋ ಬರಲಿ!"

ಹೀಗೆ ಮೀಸೆ ತಿರುವಿದವರು ಕರಡಿಕೋಟೆಯ ಹಳೇ ಮಂತ್ರಿ ಗುರುಸಿದ್ದಯ್ಯ. ಕೆಲಸ ಬಿಟ್ಟು ಆರು ತಿಂಗಳು. ಅರಮನೆಯ ಒಳಮಾತನ್ನೆಲ್ಲ ತಾಳೆಗರಿಯಲ್ಲಿ ಗೀಚಿಟ್ಟಿದ್ದರು.

ಸುದ್ದಿ ಕೇಳಿ ಕೋಟೆಯ ಒಡೆಯ ಬೊಮ್ಮನಾಯಕ ಬೆವತ. ನೆರೆಯ ಪಾಳೆಯಗಾರ ಹಿಡಿದಿಟ್ಟ ಗುಡ್ಡವೊಂದನ್ನು ಬಿಡಿಸಿಕೊಳ್ಳುವ ಮಾತುಕತೆ ಒಂದು ವರ್ಷದಿಂದ ನಡೆದಿತ್ತು. ಮೂರು ಕುದುರೆ ಕೊಡುತ್ತೇವೆ ಎಂದು ನಾಯಕ ಹೇಳಿ ಕಳಿಸಿದ್ದ. ಆ ಕಡೆಯವರು ತೀರಾ ಹಟ ಹಿಡಿದರೆ ಏಳರವರೆಗೂ ಹೋಗುವುದೆಂದು ಒಳಗೇ ಇಟ್ಟುಕೊಂಡಿದ್ದ. ಆ ಏಳು ಗುಟ್ಟು. ಲಾಯದಲ್ಲಿ ಇದ್ದದ್ದೇ ಹತ್ತು. ಗುರುಸಿದ್ದಯ್ಯನವರ ಗರಿಯಲ್ಲಿ ಆ ಏಳೂ ಇತ್ತು.

"ಗರಿ ಕಿತ್ತು ಒಲೆಗೆ ಹಾಕಿ!" ಎಂದ ನಾಯಕ.

ಹಡಪದ ಕೊಟ್ರ ಪಕ್ಕದಲ್ಲಿದ್ದ. ನಾಯಕನಿಗೆ ಎಲೆಯಡಿಕೆ ಮಡಿಸಿ ಕೊಡುವುದು ಅವನ ಕೆಲಸ. ಎಲೆಗೆ ಸುಣ್ಣ ಸವರುತ್ತ ಹೇಳಿದ:

"ಕಿತ್ತುಕೊಂಡರೆ, ಬರೆದದ್ದೆಲ್ಲ ನಿಜ ಅಂತ ನಾವೇ ಡಂಗುರ ಹೊಡೆದ ಹಾಗೆ ಬುದ್ಧಿ. ನನಗೆ ಬಿಡಿ."

ಅಲ್ಲಿಂದ ನೇರ ಸಾತವ್ವನ ಮನೆಗೆ ಹೋದ. ಅವಳು ಗುರುಸಿದ್ದಯ್ಯನವರ ಮನೆಯಲ್ಲಿ ಇಪ್ಪತ್ತು ವರ್ಷ ಒಲೆ ಊದಿದವಳು. ಹೋದ ವಾರವಷ್ಟೇ ಕೆಲಸ ಬಿಟ್ಟಿದ್ದಳು. ಇಬ್ಬರೂ ಎಲೆ ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು.

ಮರುದಿನ ಚಾವಡಿ ತುಂಬಿತ್ತು. ಗುರುಸಿದ್ದಯ್ಯನವರ ಮಗಳ ಮದುವೆ ಮಾತಿಗೆ ಬಂದಿದ್ದ ಗಂಡಿನ ಕಡೆಯವರು ಮುಂದೆಯೇ ಕೂತಿದ್ದರು. ಕೇಳಲಿ, ತಮ್ಮ ದೊಡ್ಡಸ್ತಿಕೆ ಗೊತ್ತಾಗಲಿ ಎಂದು ಗುರುಸಿದ್ದಯ್ಯನವರೇ ಕರೆತಂದಿದ್ದರು.

ಗರಿಯ ಕಟ್ಟು ಬಿಚ್ಚುವಾಗ ಕೊಟ್ರ ಎದ್ದ.

"ಅಯ್ಯನೋರೇ, ನಿಮಗಿಂತ ಮೊದಲು ಸಾತವ್ವ ನಾಕು ಮಾತು ಹೇಳ್ತಾಳಂತೆ. ಅವಳೂ ಕೆಲಸ ಬಿಟ್ಟವಳೇ. ಕಂಡದ್ದು ಕಂಡ ಹಾಗೆ."

"ಹೇಳಲಿ, ಹೇಳಲಿ! ನಿಜಕ್ಕೆ ಹೆದರುವವನಲ್ಲ ನಾನು."

ಸಾತವ್ವ ಸೆರಗು ಸಿಕ್ಕಿಸಿಕೊಂಡಳು.

"ನಮ್ಮ ಅಯ್ಯನೋರು ಊಟಕ್ಕೆ ಕೂತಾಗ ಅಮ್ಮನೋರಿಗೆ ಅಂದ್ರು. ಬೀಗರು ಐದು ದಿನ ಮದುವೆ ಊಟ ಕೇಳ್ತಾರೆ. ಎರಡೇ ದಿನ ಅಂದಿದ್ದೀನಿ. ತೀರಾ ಜಗ್ಗಿದರೆ..."

"ಏಯ್ ಸಾತವ್ವಾ!"

ಬೀಗರು ಮುಂದಕ್ಕೆ ಸರಿದರು. "ಜಗ್ಗಿದರೆ? ಹೇಳವ್ವಾ, ಜಗ್ಗಿದರೆ?"

"ಸುಳ್ಳೇನು ಅಯ್ಯನೋರೇ?" ಎಂದಳು ಸಾತವ್ವ.

"ಸುಳ್ಳಲ್ಲ ಕಣೇ! ಮಾತು ಇನ್ನೂ ಮುಗಿದಿಲ್ಲ. ತಾಂಬೂಲ ಬದಲಾಗಲಿ. ಆಮೇಲೆ ಊರಿಗೆಲ್ಲ ಹೇಳಿಕೊಂಡು ತಿರುಗು! ನಮ್ಮ ಮನೆ ಅನ್ನ ತಿಂದು..."

ಗುರುಸಿದ್ದಯ್ಯನವರ ಮಾತು ಅಲ್ಲಿಗೇ ನಿಂತಿತು.

ಕೊಟ್ರ ಗರಿಯ ಕಟ್ಟನ್ನೇ ನೋಡುತ್ತ ನಿಂತ.

ಗುರುಸಿದ್ದಯ್ಯನವರೂ ನೋಡಿದರು. ನಿಧಾನವಾಗಿ ದಾರ ಸುತ್ತಿ ಗಂಟು ಹಾಕಿದರು.

"ಇವತ್ತು ಯಾಕೋ ಕಣ್ಣು ಮಂಜು. ಇನ್ನೊಮ್ಮೆ ಓದೋಣ."

ನಾಲ್ಕು ಕುದುರೆಗೆ ಗುಡ್ಡ ಬಂತು. ಮೂರು ದಿನದ ಊಟಕ್ಕೆ ಮದುವೆ ಮುಗಿಯಿತು. ಮೂರೂ ದಿನ ಕೊಟ್ರ ಪಂಕ್ತಿಯಲ್ಲಿದ್ದ.

"ಇನ್ನು ಅಯ್ಯನೋರು ಗರಿ ಓದಲಿ ಬುದ್ಧಿ," ಎಂದ ಒಂದು ದಿನ. "ಮುಗಿದ ಕೆಲಸದ ತಪ್ಪು ಒಪ್ಪು ಜನ ಕೇಳಬೇಕಾದ್ದೇ."

ನಾಯಕ ಕಟ್ಟು ತರಿಸಿ ತಾನೇ ಮೊದಲು ನೋಡಿದ. ಮುಖ ಕೆಂಪಾಯಿತು.

"ಎಲ್ಲ ಓದಲಿ. ಇದೊಂದು ಗರಿ ಬೇಡ. ನಾನು ಸಭೆಯಲ್ಲಿ ಗೊರಕೆ ಹೊಡೆಯುತ್ತೇನಂತೆ! ಇದು ಇನ್ನೂ ನಡೆಯುತ್ತಿರುವ ಕೆಲಸ ಅಂತ ಹೇಳಿ ತಡೆ."

"ತಡೀತೀನಿ ಬುದ್ಧಿ," ಎಂದ ಕೊಟ್ರ. "ಆದರೆ ಆ ಗರಿಯನ್ನ ನೀವೇ ದಿನಾ ಓದ್ತಿದ್ದೀರಲ್ಲ, ಕೋಟೆ ಬಾಗಿಲಿಗೆ ಕೇಳೋ ಹಾಗೆ!"

ನಾಯಕ ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ಆ ಗರಿಯನ್ನು ಮತ್ತೆ ಕಟ್ಟಿನೊಳಗೆ ಸೇರಿಸಿದ.